ತಿಮ್ಮಿಯ ಮಗನ ಹಡಗು

ಭಟ್ಕಳದ ಹತ್ತಿರದ ತೆಂಗಿನಗುಂಡಿಯ ಜಟ್ಟ ತಾಂಡೇಲನಿಗೆ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ತಾಂಡೇಲನಾಗಿ ಅವನು ನಡೆಸುವ ಬೋಟಿನಲ್ಲಿ ಕೆಲಸ ಮಾಡುವ ಎಂಟು ಜನರಿಗೂ ಇದು ಗೊತ್ತು. ಬೈಯುತ್ತಿದ್ದಾನೆ ಅಂದರೆ ಹೆದರುವಂಥದ್ದೇನಿಲ್ಲ, ಸುಮ್ಮನಾದ ಅಂದರೆ ಹುಷಾರು. ೧೯೮೬ರ ಸಂಕ್ರಾಂತಿ ಕಳೆದ ವಾರ ಜಟ್ಟ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಕಾರಣ ಒಂದು ಹಡಗು. ದಡದಿಂದ ಬೋಟಿನಲ್ಲಿ ಎರಡೂವರೆ ತಾಸಿನ ದೂರದಲ್ಲಿ 'ಶಂಖನಿಧಿ' ಅನ್ನುವ ಹಡಗು ಬಂದು ಎಂಟು ಲಂಗರು ಇಳಿಸಿ ನಿಂತುಬಿಟ್ಟಿತ್ತು. ಅದರ ನಡುಮಧ್ಯೆ ಕಬ್ಬಿಣದ ಗೋಪುರ. ಸಮುದ್ರದ ತಳ ಕೊರೆದು ಎಣ್ಣೆ ಇದೆಯೋ ಇಲ್ಲವೋ ನೋಡುವುದಕ್ಕೆ ಮುಂಬಯಿಯ ಒಂದು ಖಾಸಗಿ ಕಂಪನಿ ಕಳಿಸಿದ ಹಡಗು ಅದು. ಅದು ನಿಂತದ್ದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಅದಕ್ಕೆ ಸಾಮಾನು ತರುವ ಚಿಕ್ಕ ಹಡಗಿನ ಮೇಲೆ. ಅದು ಮಂಗಳೂರಿನಿಂದ ಬರುವಾಗ ಬಲೆ ಇದೆಯೋ ಬೋಟಿದೆಯೋ ನೋಡದೆ ನುಗ್ಗುತ್ತಿತ್ತು. ಒಂದೇ ವಾರದಲ್ಲಿ ಮೂವರು ನೀರಲ್ಲಿ ಬಿಟ್ಟಿದ್ದ ಬೀಡುಬಲೆ ಹರಿದು ಚಿಂದಿಯಾಯಿತು. ಮೂರನೆಯದು ಜಟ್ಟನದು. ಹೆಂಡತಿ, ಮಕ್ಕಳು, ಸೊಸೆ ಎಲ್ಲ ಕೂತು ಒಂದು ಮಳೆಗಾಲವಿಡೀ ನೇಯ್ದ ಬಲೆ.

"ನಲವತ್ತು ಬೋಟು ತಕಂಡು ಹೋಗಿ ಹಡಗಿಗೆ ಸುತ್ತು ಹಾಕೂದೇ," ಎಂದು ಶುಕ್ರ ಕೂಗಾಡಿದ. ಶುಕ್ರ ಪಕ್ಕದ ಬೋಟಿನ ಯಜಮಾನ, ಜಟ್ಟನ ವಾರಿಗೆಯವ. ಊರವರೆಲ್ಲ ಹೂಂ ಅಂದರು. ಅಷ್ಟರಲ್ಲಿ ಹಡಗಿನ ಮುಖ್ಯಸ್ಥರೇ ದಡಕ್ಕೆ ಬಂದು ಮಾತಾಡುತ್ತಾರೆ ಅಂತ ಸುದ್ದಿ ಬಂತು.

ಟೈ ಕಟ್ಟಿದ, ಹಿಂದಿ ಮಾತಾಡುವ ಯಾರೋ ಸಾಹೇಬ ಬರುತ್ತಾನೆ ಅಂತ ಎಲ್ಲರೂ ಕಾದರು. ರಬ್ಬರ್ ದೋಣಿಯಿಂದ ಮೊಣಕಾಲು ನೀರಿಗೆ ಇಳಿದು ಪ್ಯಾಂಟು ಮಡಚಿಕೊಂಡು ಬಂದವನನ್ನು ಕಂಡು ಹೆಂಗಸರ ಗುಂಪಿನಿಂದ ಒಬ್ಬಳು, "ಇಂವ ನಮ್ಮ ತಿಮ್ಮಿ ಮಗ ಅಲ್ದಾ!" ಅಂದಳು.

ಹೌದು, ಮಾದೇವ. ಜಟ್ಟನ ತಂಗಿ ತಿಮ್ಮಿಯ ಒಬ್ಬನೇ ಮಗ.

ಜಟ್ಟನಿಗೆ ಒಮ್ಮೆಲೇ ಎದೆ ಉಬ್ಬಿತು, ಅದೇ ಗಳಿಗೆಯಲ್ಲಿ ತಲೆಯೂ ತಗ್ಗಿತು. ಅದಕ್ಕೊಂದು ಹಳೆಯ ಕತೆ ಇದೆ. ತಿಮ್ಮಿಯ ಗಂಡ ಜ್ವರದಲ್ಲಿ ಹೋದಾಗ ಮಾದೇವನಿಗೆ ಒಂಬತ್ತು ವರ್ಷ. ತಿಮ್ಮಿ ಮೀನಿನ ಬುಟ್ಟಿ ಹೊತ್ತು ಭಟ್ಕಳ ಪೇಟೆಗೆ ನಡೆದಳು. ಹನ್ನೆರಡು ತುಂಬಿದ ಮೇಲೆ ಹುಡುಗನನ್ನು ಜಟ್ಟ ತನ್ನ ದೋಣಿಗೆ ಹತ್ತಿಸಿಕೊಂಡ. ದೋಣಿ ಅಳಿವೆ ದಾಟಿದರೆ ಸಾಕು, ಹುಡುಗನಿಗೆ ವಾಂತಿ. ಒಂದು ದಿನವಲ್ಲ, ಎರಡು ದಿನವಲ್ಲ, ಇಡೀ ಹಂಗಾಮು. ಕೊನೆಗೆ ಜಟ್ಟ ಅವನ ರಟ್ಟೆ ಹಿಡಿದು ತಂದು ತಂಗಿಯ ಅಂಗಳದಲ್ಲಿ ನಿಲ್ಲಿಸಿ, "ಇಂವ ಸಮುದ್ರಕ್ಕೆ ಆಗೂ ಮಾಲಲ್ಲ. ಶಾಲೆಗೇ ಕಳಸು," ಎಂದು ಹತ್ತು ಜನರ ಎದುರಿಗೆ ಹೇಳಿಬಿಟ್ಟಿದ್ದ. ಹುಡುಗ ಶಾಲೆಗೆ ಹೋದ. ಸ್ಕಾಲರ್‌ಶಿಪ್ಪಿನ ಮೇಲೆ ಕಾಲೇಜು, ಅಲ್ಲಿಂದ ಧನಬಾದಿಗೆ ಹೋಗಿ ಎಣ್ಣೆಬಾವಿ ಕೊರೆಯುವ ಇಂಜಿನಿಯರಿಂಗ್ ಓದಿದ. ಅಸ್ಸಾಮಿನಲ್ಲಿ ಆರು ವರ್ಷ, ಆಮೇಲೆ ಮುಂಬಯಿ ಕಡಲು. 'ದೊಡ್ಡ ಕೆಲಸ' ಅಂತ ತಿಮ್ಮಿ ಹೇಳುತ್ತಿದ್ದಳೇ ಹೊರತು ಇಡೀ ಹಡಗು ಮಗನ ಕೈಯಲ್ಲಿದೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಮಾದೇವ ಮರಳಿನ ಮೇಲೆ ನಿಂತೇ ಎಲ್ಲರ ಮಾತು ಕೇಳಿದ. ಕುರ್ಚಿ ತಂದಿಟ್ಟರೂ ಕೂರಲಿಲ್ಲ. ಶುಕ್ರ ಬೈದದ್ದನ್ನು ಪೂರ್ತಿ ಬೈಯಲು ಬಿಟ್ಟ. ಆಮೇಲೆ ಹೇಳಿದ: "ತಪ್ಪು ನಮ್ಮ ಕಡೆಯದು. ಮೂರೂ ಬಲೆ ಹೊಸತಾಗಿ ಬರ್ತವೆ, ಅದು ಇವತ್ತೇ ಇತ್ಯರ್ಥ. ಇನ್ನು ಮುಂದೆ ಸಾಮಾನಿನ ಹಡಗು ಒಂದೇ ದಾರಿಯಲ್ಲಿ ಬರಬೇಕು. ಆ ದಾರಿ ಯಾವುದು ಅಂತ ನೀವು ಹೇಳಿ, ನಾನು ಅದರ ಗುರುತಿಗೆ ನೀರಲ್ಲಿ ತೇಲುವ ಬಾವುಟದ ಬುರುಡೆ ಕಟ್ಟಿಸ್ತೇನೆ. ಮತ್ತೆ ನನಗೆ ನಿಮ್ಮ ಊರಿನ ಎರಡು ಬೋಟು ಬೇಕು. ಹಡಗಿನ ಸುತ್ತ ಕಾವಲಿಗೆ."

"ನಿನ್ನ ಮಾವನ ಬೋಟೇ ಆಗಬೇಕಲ್ಲ ಮತ್ತೆ!" ಎಂದು ಹಿಂದಿನಿಂದ ಯಾರೋ ಚುಚ್ಚಿದರು.

ಮಾದೇವ ಆ ಕಡೆ ತಿರುಗಿದ. "ಯಾರ ಬೋಟು ಅಂತ ನಾನು ಹೇಳೂದಿಲ್ಲ. ಊರೇ ಹೇಳಲಿ. ನಾನು ಆ ತೆಂಗಿನ ಮರದ ಹತ್ತಿರ ಹೋಗಿ ನಿಲ್ತೇನೆ."

ನಿಜವಾಗಿಯೂ ಹೋಗಿ ನಿಂತ. ಊರವರು ಅರ್ಧ ತಾಸು ಜಗಳಾಡಿದರು. ಕೊನೆಗೆ, ನೀರಿನ ಬಣ್ಣ ನೋಡಿ ಹೇಳುವವ ಜಟ್ಟನಷ್ಟು ಬೇರೆ ಯಾರಿಲ್ಲ, ಗಟ್ಟಿ ಗಂಟಲಿನವ ಶುಕ್ರನಷ್ಟು ಯಾರಿಲ್ಲ ಅಂತ ಇಬ್ಬರ ಹೆಸರೂ ಗಟ್ಟಿಯಾಯಿತು. ಇದನ್ನು ಹೇಳಿದವರಲ್ಲಿ ಚುಚ್ಚಿದವನೂ ಒಬ್ಬ.

ಕಾವಲು ಶುರುವಾಗುವ ಹಿಂದಿನ ದಿನ ಮಾದೇವ ಇಬ್ಬರನ್ನೂ ಹಡಗಿಗೆ ಕರೆಸಿಕೊಂಡ. ಕ್ರೇನಿಗೆ ನೇತು ಹಾಕಿದ ಹಗ್ಗದ ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತಿದರು. ಶುಕ್ರ ಕಣ್ಣು ಮುಚ್ಚಿಕೊಂಡು ಊರದೇವತೆ ಮಾಸ್ತಿಯನ್ನು ನೆನೆದ. ಜಟ್ಟ ಕಣ್ಣು ಬಿಟ್ಟುಕೊಂಡೇ ಹೋದ. ಮೇಲೆ ತೊಂಬತ್ತೆರಡು ಜನ. ಪಂಜಾಬಿನವರು, ಮಲೆಯಾಳಿಗಳು, ಅಸ್ಸಾಮಿಗಳು, ತಲೆ ನರೆತ ಒಬ್ಬ ಬಿಳಿಯ. ಅವರಲ್ಲಿ ಎಷ್ಟೋ ಜನ ಮಾದೇವನಿಗಿಂತ ವಯಸ್ಸಿನಲ್ಲಿ ದೊಡ್ಡವರು. ಆದರೂ ಅವನು ಹಾದುಹೋದಲ್ಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು. ಹೆದರಿಕೆಗಲ್ಲ ಅಂತ ಜಟ್ಟನಿಗೆ ಅನ್ನಿಸಿತು; ಯಾಕೆಂದರೆ ಆಮೇಲೆ ಅವರು ನಗುತ್ತಲೂ ಇದ್ದರು.

"ವಾಂತಿ?" ಎಂದು ಜಟ್ಟ ಮೆಲ್ಲಗೆ ಕೇಳಿದ.

"ಹಡಗು ಹತ್ತಿದ ಮೊದಲ ಎರಡು ದಿನ ಈಗಲೂ ಉಂಟು ಮಾವ," ಎಂದು ಮಾದೇವ ನಕ್ಕ. "ಬಕೆಟ್ ಹತ್ತಿರ ಇಟ್ಟುಕೊಂಡೇ ಕೆಲಸ ಮಾಡ್ತೇನೆ. ಎಲ್ಲರಿಗೂ ಗೊತ್ತು."

ಆಮೇಲೆ ನಗು ನಿಲ್ಲಿಸಿ, ಕೊರೆಯುವ ಗೋಪುರದ ಕೆಳಗೆ ಕರೆದುಕೊಂಡು ಹೋಗಿ ಹೇಳಿದ. "ಈ ಮೊದಲ ಹತ್ತು ದಿನವೇ ಕಷ್ಟದ್ದು. ತಳದಲ್ಲಿ ಕೆಲವು ಕಡೆ ಮೇಲೆಯೇ ಗ್ಯಾಸು ಅಡಗಿರ್ತದೆ. ಆಳಕ್ಕೆ ಹೋದ ಮೇಲಾದರೆ ಬಾವಿಯ ಬಾಯಿಗೆ ಬಾಗಿಲು ಕೂಡಿಸಿರ್ತೇವೆ, ಗ್ಯಾಸು ಬಂದರೆ ಮುಚ್ಚಬಹುದು. ಈಗ ಬಾಗಿಲೇ ಇಲ್ಲ. ಬಂದರೆ ಹಡಗು ಬಿಟ್ಟು ಸರಿಯೂದು ಒಂದೇ ದಾರಿ. ಅದಕ್ಕೆ ಈ ಹಡಗಿನಲ್ಲಿ ಒಂದು ಕಾನೂನು ಉಂಟು. ಕಸ ಗುಡಿಸುವವನಾದರೂ ಸರಿ, ಎಂತದಾದರೂ ಬೇರೆ ಥರ ಕಂಡರೆ 'ನಿಲ್ಲಿಸಿ' ಅಂತ ಕೂಗಬೇಕು. ಕೂಗಿದ ಕೂಡಲೇ ಕೆಲಸ ನಿಲ್ತದೆ. ಕೂಗಿದ್ದು ತಪ್ಪಾದರೆ ಯಾರೂ ಬೈಯೂದಿಲ್ಲ."

ಜಟ್ಟನಿಗೆ ಇದು ಸರಿ ಬರಲಿಲ್ಲ. "ನನ್ನ ಬೋಟಿನಲ್ಲಿ ಒಬ್ಬನದೇ ಮಾತು ನಡೆಯೂದು. ಎಲ್ಲರೂ ಕೂಗಿದರೆ ತಾಂಡೇಲ ಎಂತಕ್ಕೆ?"

"ಕೂಗಿದ ಮೇಲೆ ಎಂತ ಮಾಡೂದು ಅಂತ ಹೇಳೂಕೆ," ಅಂದ ಮಾದೇವ.

ಕಾವಲಿನ ಆರನೇ ದಿನ, ಮಧ್ಯಾಹ್ನದ ಊಟ ಮುಗಿದು ಸ್ವಲ್ಪ ಹೊತ್ತಾಗಿತ್ತು. ಪಡುವಣದಿಂದ ಗಾಳಿ ಏಳುವ ಸಮಯ. ಜಟ್ಟನ ಬೋಟು ಹಡಗಿನ ಮೂಡು ಮಗ್ಗುಲಲ್ಲಿ ತೇಲುತ್ತಿತ್ತು. ಚುಕ್ಕಾಣಿ ಹಿಡಿದಿದ್ದ ಮಂಜ ಒಮ್ಮೆಲೇ ಎದ್ದು ನಿಂತು, "ತಾಂಡೇಲಾ, ಬಂಗಡೆ ಹಿಂಡು! ಅಗೋ!" ಎಂದು ಕುಣಿದ.

ಹಡಗಿಗೂ ಬೋಟಿಗೂ ನಡುವೆ ಒಂದು ಅಂಗಳದಷ್ಟು ಜಾಗದಲ್ಲಿ ನೀರು ಬೆಳ್ಳಗೆ ಕದಡುತ್ತಿತ್ತು. ಹಿಂಡು ಮೇಲೆದ್ದಾಗ ನೀರು ಹಾಗೆಯೇ ಕಾಣುತ್ತದೆ. ಮಂಜನ ಬಾಯಲ್ಲಿ ನೀರೂರಿದ್ದರೆ ತಪ್ಪಲ್ಲ. ಆದರೆ ಜಟ್ಟ ಮೊದಲು ನೋಡಿದ್ದು ಮೇಲಕ್ಕೆ. ಒಂದೇ ಒಂದು ಹಕ್ಕಿ ಇಲ್ಲ. ಬಂಗಡೆ ಎದ್ದಲ್ಲಿ ಹಕ್ಕಿ ಇಲ್ಲದಿರುವುದನ್ನು ಅವನು ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮತ್ತೆ ಹಿಂಡು ಅಂದರೆ ಓಡುತ್ತದೆ. ಇದು ಇದ್ದಲ್ಲೇ ಇದೆ. ಗಂಜಿ ಕುದಿ ಬಂದ ಹಾಗೆ ತಳದಿಂದ ಗುಳುಗುಳು ಏಳುತ್ತಿದೆ.

ಕಾವಲಿಗೆಂದು ಮಾದೇವ ಕೊಟ್ಟಿದ್ದ ವಾಕಿಟಾಕಿ ಕೈಗೆತ್ತಿಕೊಂಡವ ಮತ್ತೊಮ್ಮೆ ನೀರು ನೋಡಿದ. ಇದು ಮೀನೇ ಆಗಿದ್ದರೆ? ಅಷ್ಟು ದೊಡ್ಡ ಹಡಗು, ಅಷ್ಟು ಜನ ಕಲಿತವರು, ಮೀನಿನ ಹಿಂಡು ಕಂಡು ಬೆದರಿದ ತಾಂಡೇಲ ಅಂತ ಊರು ಆಡಿಕೊಂಡು ನಗುವುದಿಲ್ಲವೇ?

ಗುಂಡಿ ಒತ್ತಿಯೇಬಿಟ್ಟ. "ನಿಲ್ಲಿಸಿ! ಮಾದೇವಾ, ನಿಲ್ಲಿಸಿ! ಮೂಡು ಬದಿ ನೀರು ಕುದೀತಾ ಉಂಟು. ಮೀನಲ್ಲ!"

ಗೋಪುರದಲ್ಲಿ ತಿರುಗುತ್ತಿದ್ದ ಪೈಪು ನಿಂತಿತು. ಅಷ್ಟು ಬೇಗ ನಿಲ್ಲುತ್ತದೆ ಅಂತ ಜಟ್ಟ ಎಣಿಸಿರಲಿಲ್ಲ. ಹಡಗಿನ ಮೂಡು ಅಂಚಿಗೆ ಮಾದೇವನೇ ಬಂದು ಬಗ್ಗಿ ನೋಡಿದ. ಎರಡು ನಿಮಿಷದಲ್ಲಿ ಅವನ ದನಿ ಬಂತು, ಅವಸರವಿಲ್ಲದ ದನಿ. "ಕಂಡಿತು ತಾಂಡೇಲರೇ. ಅದು ಗ್ಯಾಸು. ಗಾಳಿ ನಿಮ್ಮ ಕಡೆಗೇ ಉಂಟು. ನಿಮ್ಮ ಬೋಟಿನ ಒಲೆ, ಬೀಡಿ ಎಲ್ಲ ಈಗಲೇ ಆರಿಸಿ. ಮೂಡು ಬದಿ ಇರುವ ಎಲ್ಲ ಬೋಟುಗಳನ್ನೂ ಬಡಗಣಕ್ಕೆ ಅಟ್ಟಿ. ಶುಕ್ರಣ್ಣ ತೆಂಕು ನೋಡಿಕೊಳ್ಳಲಿ. ಒಂದೂ ಉಳೀಬಾರದು."

ಆ ಹೊತ್ತಿಗೆ ಅಲ್ಲಿ ಹದಿನೇಳು ಬೋಟು ಬಲೆ ಬಿಟ್ಟಿದ್ದವು. ಮಂಜ ಬೆಂಕಿ ನಂದಿಸಿದ, ಜಟ್ಟ ತಾನೇ ಚುಕ್ಕಾಣಿ ಹಿಡಿದ. ಬೋಟಿನಿಂದ ಬೋಟಿಗೆ ಹೋಗಿ, "ಬಲೆ ಕಡೀರಿ! ಒಲೆ ಆರಿಸಿ! ಬಡಗಣಕ್ಕೆ ಹೋಗಿ!" ಎಂದು ಕೂಗಿದ. ಬಲೆ ಕಡಿಯಲು ಹಿಂಜರಿದವರ ಬಲೆಗೆ ತಾನೇ ಚೂರಿ ಹಾಕಿದ. ತೆಂಕಿನಿಂದ ಶುಕ್ರನ ಗಂಟಲು ಗಾಳಿಯನ್ನೂ ಮೀರಿ ಕೇಳುತ್ತಿತ್ತು.

ಈ ನಡುವೆ ವಾಕಿಟಾಕಿಯಲ್ಲಿ ಹಡಗಿನ ಒಳಗಿನ ಮಾತೂ ತುಂಡು ತುಂಡಾಗಿ ಬರುತ್ತಿತ್ತು. ಜಟ್ಟನಿಗೆ ಹಿಂದಿ ಅಷ್ಟಿಷ್ಟು ತಿಳಿಯುತ್ತದೆ. ಯಾರೋ ಹೇಳಿದರು: "ಮುಂಬಯಿ ಆಫೀಸು ಕಾಯಿರಿ ಅಂತಿದೆ ಸರ್. ನಾಲ್ಕು ಗಂಟೆಗೆ ದೊಡ್ಡ ಸಾಹೇಬರು ಸಿಗ್ತಾರಂತೆ. ಬಾವಿ ಬಿಡುವ ಮೊದಲು ಅವರ ಅಪ್ಪಣೆ ಬೇಕಂತೆ."

ಆಮೇಲೆ ಮಾದೇವ: "ನಾಲ್ಕು ಗಂಟೆಗೆ ನಾನು ಅವರ ಹತ್ತಿರ ಮಾತಾಡ್ತೇನೆ. ಈಗ ಪೈಪು ಕಡಿದುಬಿಡಿ. ಮೂಡಿನ ಲಂಗರು ಸಡಿಲಿಸಿ, ಪಡುವಣದ್ದು ಎಳೀರಿ. ಟೈಮು ಬರೆದುಕೊಳ್ಳಿ. ಅಪ್ಪಣೆ ನನ್ನದು ಅಂತ ಬರೀರಿ."

ಹಡಗು ಮಿಸುಕಿತು. ಮೊದಲು ಅದು ಕಾಣುವಷ್ಟೂ ಇರಲಿಲ್ಲ. ಆಮೇಲೆ ಆ ಕಬ್ಬಿಣದ ಗೋಪುರ ಇಂಚಿಂಚಾಗಿ ಪಡುವಣಕ್ಕೆ, ಗಾಳಿ ಬರುವ ಕಡೆಗೆ ಜರುಗಿತು. ಅದು ಬಿಟ್ಟು ಹೋದ ಜಾಗದಲ್ಲಿ ಸ್ವಲ್ಪ ಹೊತ್ತಿಗೆಲ್ಲ ನೀರು ಹೆಬ್ಬಂಡೆಯಷ್ಟು ಎತ್ತರಕ್ಕೆ ಉಕ್ಕಿತು. ಬಡಗಣದಲ್ಲಿ ಗುಂಪಾಗಿ ನಿಂತಿದ್ದ ಬೋಟುಗಳ ಮೇಲೆ ಎಲ್ಲರೂ ಎದ್ದು ನಿಂತು ಅದನ್ನೇ ನೋಡಿದರು. ಮಂಜ ಜಟ್ಟನ ಕೈ ಹಿಡಿದುಕೊಂಡಿದ್ದ, ಬಿಟ್ಟಿರಲಿಲ್ಲ.

ಐದು ದಿನ ಉಕ್ಕಿ ಆ ಗ್ಯಾಸು ತಾನಾಗಿ ನಿಂತಿತು. ಒಬ್ಬನ ಕೂದಲೂ ಕೊಂಕಲಿಲ್ಲ. ಆದರೆ ಬಾವಿ ಹೋಯಿತು, ಬೆಲೆಬಾಳುವ ಸಾಮಾನು ತಳ ಸೇರಿತು. ಅಪ್ಪಣೆ ಇಲ್ಲದೆ ಹಡಗು ಸರಿಸಿದ್ದಕ್ಕೆ ವಿಚಾರಣೆ ಅಂತ ಕಂಪನಿ ಮೂವರನ್ನು ಕಳಿಸಿತು. ಭಟ್ಕಳದ ಪ್ರವಾಸಿ ಬಂಗಲೆಯಲ್ಲಿ ಅವರು ಎರಡು ದಿನ ಕೂತರು. ಮಾದೇವ ಬರೆದ ವರದಿಯ ಮೊದಲ ಸಾಲಿನಲ್ಲೇ 'ಗ್ಯಾಸನ್ನು ಮೊದಲು ಕಂಡವರು ತೆಂಗಿನಗುಂಡಿಯ ಜಟ್ಟ ತಾಂಡೇಲ' ಎಂದಿತ್ತು. ಹಾಗಾಗಿ ಜಟ್ಟನಿಗೂ ಕರೆ ಬಂತು.

ಅವನು ತೊಳೆದ ಅಂಗಿ ಹಾಕಿಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು ಹೋದ. ಮಾದೇವ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಮಾವ ಒಳಗೆ ಹೋಗುವಾಗ, "ಕಂಡದ್ದು ಕಂಡ ಹಾಗೆ ಹೇಳಿ, ಸಾಕು," ಎಂದಷ್ಟೇ ಹೇಳಿದ.

ಒಳಗಿದ್ದವರಲ್ಲಿ ಒಬ್ಬ ಕನ್ನಡ ಬಲ್ಲವ. ಅವನು ಕೇಳಿದ: "ನೀವು ಅವರ ಸೋದರಮಾವ ಅಲ್ಲವೇ? ಅವರನ್ನು ಉಳಿಸಲು ಬಂದಿದ್ದೀರಿ ಅಂತ ನಾವು ಎಣಿಸಿದರೆ?"

ಜಟ್ಟನಿಗೆ ಸಿಟ್ಟು ಬಂತು. ಆದರೆ ಈ ಸಲ ಬಾಯಿ ಕಟ್ಟಲಿಲ್ಲ.

"ಮಾವ ಹೌದು ಸಾಹೇಬರೇ. ಇಂವ ಸಮುದ್ರಕ್ಕೆ ಆಗೂ ಮಾಲಲ್ಲ ಅಂತ ಹತ್ತು ಜನರ ಎದುರಿಗೆ ಹೇಳಿ ದೋಣಿಯಿಂದ ಇಳಿಸಿದವ ನಾನು. ಉಳಿಸೂ ಮಾವ ಹಾಗೆ ಹೇಳ್ತಾನಾ? ಆ ದಿನ ನನ್ನ ಕಣ್ಣಿಗೆ ನೀರು ಕುದಿಯೂದು ಕಂಡಿತು. ಎಂತಕ್ಕೆ ಅಂತ ನನಗೆ ಗೊತ್ತಿರಲಿಲ್ಲ. ಅಂವನಿಗೆ ಗೊತ್ತಿತ್ತು. ನನ್ನ ಒಂದು ಕೂಗಿಗೆ ಅಷ್ಟು ದೊಡ್ಡ ಯಂತ್ರ ನಿಂತಿತು. ಮೀನು ಹಿಡಿಯುವವ ಕೂಗಿದ ಅಂತ ಅಂವ ಬಿಡಲಿಲ್ಲ, ಮಾವ ಕೂಗಿದ ಅಂತಲೂ ನಂಬಲಿಲ್ಲ. ತಾನೇ ಬಂದು ಬಗ್ಗಿ ನೋಡಿದ. ಮೊದಲು ನಮ್ಮ ಹದಿನೇಳು ಬೋಟು ಬದಿಗೆ ಕಳಿಸಿದ, ಆಮೇಲೆ ಹಡಗು ಸರಿಸಿದ. ಸಮುದ್ರದ ಮೇಲೆ ನಾಲ್ಕು ಗಂಟೆಯವರೆಗೆ ಕಾಯೂ ತಾಂಡೇಲ ಇದ್ದರೆ ಅಂವನ ಬೋಟು ನಾನು ಹತ್ತೂದಿಲ್ಲ. ಮಾದೇವನದು ಹತ್ತುತ್ತೇನೆ. ನನ್ನ ಮಕ್ಕಳನ್ನೂ ಹತ್ತಿಸ್ತೇನೆ."

ಬರೆದುಕೊಳ್ಳುತ್ತಿದ್ದವ ಪೆನ್ನು ಕೆಳಗಿಟ್ಟು ಅವನನ್ನು ನೋಡಿದ. ಮೂವರಲ್ಲಿ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಕನ್ನಡದವ ಅಷ್ಟನ್ನೂ ಅವರಿಗೆ ಹೇಳಿದ. ಕೊನೆಗೆ ಆ ಹಿರಿಯರು ಎದ್ದು ಬಂದು ಜಟ್ಟನ ಕೈ ಕುಲುಕಿದರು.

ಮಳೆಗಾಲ ಹಿಡಿದ ಮೇಲೆ ಸುದ್ದಿ ಬಂತು. ಮಾದೇವ ಮಾಡಿದ್ದು ಸರಿ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ಅಷ್ಟೇ ಅಲ್ಲ, ಕಂಪನಿಯ ನಾಲ್ಕೂ ಹಡಗುಗಳ ಕೊರೆಯುವ ಕೆಲಸಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದರು. ಇನ್ನು ಮುಂದೆ ಎಲ್ಲಿ ಕೊರೆದರೂ ಆಯಾ ಊರಿನ ಮೀನುಗಾರರ ಬೋಟು ಕಾವಲಿಗೆ ಇರಬೇಕು ಎಂಬುದು ಅವನು ಮಾಡಿದ ಮೊದಲ ಕಾನೂನು. ಕಡಿದ ಬಲೆಗಳಿಗೆಲ್ಲ ಹೊಸ ಬಲೆ ಬಂದವು. ತೆಂಗಿನಗುಂಡಿಯ ಕಡಲಿಗೆ ಮಾತ್ರ ಆ ಹಡಗು ಮತ್ತೆ ಬರಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಜಟ್ಟ ಭಟ್ಕಳ ಪೇಟೆಗೆ ಹೋಗಿದ್ದ. ಮೀನು ಮಾರುಕಟ್ಟೆಯಲ್ಲಿ ತಿಮ್ಮಿ ಎಂದಿನ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮಗ ಎಷ್ಟು ಹೇಳಿದರೂ ಅವಳು ಬುಟ್ಟಿ ಬಿಟ್ಟಿರಲಿಲ್ಲ. ದಿನಾ ಅವಳ ಹತ್ತಿರವೇ ಮೀನು ಕೊಳ್ಳುವ ನವಾಯತ ಮುಸ್ಲಿಂ ಯಜಮಾನರೊಬ್ಬರು ಬಂಗಡೆ ಆರಿಸುತ್ತ, "ಏನಮ್ಮ, ನಿನ್ನ ಮಗನಿಗೆ ಕೊನೆಗೂ ಎಣ್ಣೆ ಸಿಕ್ಕಲೇ ಇಲ್ಲವಂತೆ?" ಎಂದರು.

ತಿಮ್ಮಿ ತಲೆ ಎತ್ತಲಿಲ್ಲ. ಬಂಗಡೆಯನ್ನು ಎಲೆಯ ಮೇಲೆ ಹಾಕುತ್ತ, "ಇಲ್ಲ ಸಾಹೇಬರೇ, ಸಿಗಲಿಲ್ಲ," ಅಂದಳು. "ಹಡಗಿನ ಮೇಲೆ ತೊಂಬತ್ತೆರಡು ಜನ ಇದ್ದರು. ಎಲ್ಲರೂ ಮನೆಗೆ ಹೋದರು. ನಮ್ಮ ಹದಿನೇಳು ಬೋಟಿನವರೂ ಬಂದರು. ಅಂವನೇ ತಂದು ಬಿಟ್ಟದ್ದು."

ಜಟ್ಟ ಹತ್ತಿರ ಹೋಗಿ ತಂಗಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಎಂತ ಅಣ್ಣ, ಪೇಟೆಗೆ?" ಎಂದಳು ಅವಳು. "ಎಂತ ಇಲ್ಲ," ಎಂದ ಅವನು, ಬುಟ್ಟಿಗೆ ಮುತ್ತಿದ ನೊಣ ಓಡಿಸುತ್ತ, ಅವಳ ಮೀನು ಪೂರ್ತಿ ಖರ್ಚಾಗುವವರೆಗೂ ಅಲ್ಲೇ ಕೂತಿದ್ದ.