ಎಡಗಡೆಯ ಸೀಟು

ನಾನೊಂದು ಸಣ್ಣ ಬಿಳಿ ಕಾರು. ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಹಸಿ ಬಣ್ಣದ ವಾಸನೆಯೇ ನನ್ನ ಮೊದಲ ನೆನಪು. ಅಲ್ಲೊಬ್ಬ ನಿವೃತ್ತ ಮೇಷ್ಟರು ನನ್ನನ್ನು ಒರೆಸಿ ಒರೆಸಿ ಇಟ್ಟುಕೊಂಡಿದ್ದರು. ಅವರ ಕಣ್ಣು ಮಂಜಾದ ಮೇಲೆ ಹಡಗೇರಿ ನ್ಯೂಜಿಲೆಂಡಿಗೆ ಬಂದೆ. ಹಳೆಯ ಕಾರುಗಳ ಅಂಗಳದಲ್ಲಿ ನಿಂತಿದ್ದಾಗ ಶಿವಲೀಲಾ ಬಂದಳು.

ಗದಗಿನ ಹುಡುಗಿ, ಇಲ್ಲಿಯ ವೃದ್ಧಾಶ್ರಮವೊಂದರಲ್ಲಿ ನರ್ಸ್. ಕಾರು ಓಡಿಸಲು ಬಾರದು. ಆದರೂ ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಚಂದ ಐತಿ" ಎಂದಳು. ಆವತ್ತಿನಿಂದ ನಾನು ಅವಳದ್ದು. ಅವಳು ಮಾತ್ರ ಪೂರ್ತಿ ನನ್ನವಳಾಗಲಿಲ್ಲ.

ಅವಳಿಗೊಬ್ಬ ಗಂಡನಿದ್ದ. ಗುರುಶಾಂತ, ಊರಲ್ಲಿ ಬಸ್ ಡ್ರೈವರ್. ಮದುವೆಯಾಗಿ ಸ್ವಲ್ಪ ದಿನಕ್ಕೇ ಇವಳು ಕಡಲು ದಾಟಿದ್ದಳು. ಈಗ ಅವನನ್ನು ಕರೆಸಿಕೊಳ್ಳಬೇಕು, ಅವನಿಗೂ ಇಲ್ಲೇ ಕೆಲಸ ಸಿಗಬೇಕು ಎಂದು ವೀಸಾಕ್ಕೆ ಅರ್ಜಿ ಹಾಕಿದ್ದಳು. ಇಬ್ಬರೂ ಕೂಡಿ ಬಾಳಿದ್ದೇ ಕಡಿಮೆ. ಇದು ನಿಜವಾದ ಸಂಸಾರವೋ, ವೀಸಾಕ್ಕಾಗಿ ಹೂಡಿದ ಆಟವೋ ಎಂದು ಅಧಿಕಾರಿಗಳಿಗೆ ಅನುಮಾನ. ಕೇಳಿದ್ದನ್ನೇ ಕೇಳುತ್ತಿದ್ದರು. ಕೆಲಸ ಮುಗಿಸಿ ಬಂದವಳು ನನ್ನೊಳಗೆ ಕೂತು ಅವನಿಗೆ ಫೋನ್ ಹಚ್ಚಿ ಅಳುತ್ತಿದ್ದಳು. ನನಗೆ ಉರಿದು ಹೋಗುತ್ತಿತ್ತು. ಬಿಸಿಲಲ್ಲಿ, ಚಳಿಯಲ್ಲಿ ಕಾದು ನಿಲ್ಲುವುದು ನಾನು. ಕಣ್ಣೀರು ಮಾತ್ರ ಅವನಿಗೆ!

ಅವಳಿಗೆ ಕಾರು ಕಲಿಸಿದವನು ತೋಮಾಸಿ. ಟೋಂಗಾ ದ್ವೀಪದವನು, ಅದೇ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವ ಕೆಲಸ. ಬಾಗಿಲಷ್ಟು ಎತ್ತರದ ಆಳು. ಎಡಗಡೆಯ ಸೀಟನ್ನು ಹಿಂದಕ್ಕೆ, ಹೋಗುವಷ್ಟೂ ಹಿಂದಕ್ಕೆ ತಳ್ಳಿ ಕೂರುತ್ತಿದ್ದ. ಶಿವಲೀಲಾ ಕಲ್ಲಿಗೆ, ಬೇಲಿಗೆ ನನ್ನನ್ನು ತಾಗಿಸಿದರೂ ದನಿ ಏರಿಸುತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಅವನಿಗಾಗಿ ಅಳುತ್ತಿರಲಿಲ್ಲವಲ್ಲ.

ಕೊನೆಗೂ ವೀಸಾ ಬಂತು. ವಿಮಾನ ನಿಲ್ದಾಣದಲ್ಲಿ ಗುರುಶಾಂತ ನನ್ನ ಎಡಗಡೆಯ ಬಾಗಿಲು ತೆರೆದು, ಹಿಂದಕ್ಕೆ ಸರಿದೇ ಇದ್ದ ಸೀಟಿನಲ್ಲಿ ಕೂತ. ಗಿಡ್ಡ ಆಳು, ಕಾಲು ಎಲ್ಲೋ, ಮುಂದಿನ ತಗಡು ಎಲ್ಲೋ.

"ಇಲ್ಲೆ ಯಾರು ಕುಂದರ್ತಾರ?"

"ತೋಮಾಸಿ ಅಂತ. ನನಗ ಗಾಡಿ ಕಲಿಸಿದಾಂವ."

"ಇಷ್ಟು ಉದ್ದ ಅದಾನೇನು?"

ಶಿವಲೀಲಾ ನಕ್ಕಳು. ಅವನು ನಗಲಿಲ್ಲ. ಮನೆ ಬರುವ ತನಕ ಕಿಟಕಿಯಾಚೆಯೇ ನೋಡಿದ. ನನಗೆ ಒಳಗೊಳಗೇ ಖುಷಿ. ನನ್ನ ಹೊಟ್ಟೆಕಿಚ್ಚಿಗೆ ಜೊತೆ ಸಿಕ್ಕಿತ್ತು.

ದಿನ ಕಳೆದಂತೆ ಅವನ ಕಿಚ್ಚು ಬೆಳೆಯಿತು. ಊರಲ್ಲಿ ಬಸ್ ತುಂಬ ಜನರನ್ನು ಹೊತ್ತು ಓಡಿಸಿದವನು, ಇಲ್ಲಿ ಹಣ್ಣನ್ನು ಪೆಟ್ಟಿಗೆಗೆ ತುಂಬುವ ಶೆಡ್ಡಿನ ಕೆಲಸಕ್ಕೆ ಹೆಂಡತಿಯ ಪಕ್ಕ ಕೂತು ಹೋಗಬೇಕು. ಅವಳು ತಿರುವಿನಲ್ಲಿ ಕೈ ತಿರುಗಿಸುವ ರೀತಿಯೂ ಇನ್ನೊಬ್ಬ ಕಲಿಸಿದ್ದು. ಇಲ್ಲದ ಬ್ರೇಕನ್ನು ಅವನು ಕಾಲಲ್ಲಿ ಒತ್ತುತ್ತಿದ್ದ.

ಒಂದು ಸಂಜೆ ತೋಮಾಸಿಯನ್ನು ಮನೆಗೆ ಬಿಡಬೇಕಾಯಿತು. ಗುರುಶಾಂತ ಮುಂದಿನ ಸೀಟು ಬಿಡಲಿಲ್ಲ. ತೋಮಾಸಿ ಹಿಂದೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಮುದುಡಿ ಕೂತ.

"ಇವನ್ನ ದಿನಾ ಬಾಜೂಕ ಕೂಡಿಸ್ಕೊಂಡು ಅಡ್ಡಾಡ್ತಿದ್ದಿ, ಹೌದಿಲ್ಲೋ?"

"ರೀ, ಏನ್ ಮಾತಾಡಾಕತ್ತೀರಿ?"

"ನಾ ಬರೋ ತನಕ ತಡ್ಯಾಕ ಆಗಲಿಲ್ಲೇನು? ನಾ ಕಲಸ್ತಿರಲಿಲ್ಲೇನು?"

ಶಿವಲೀಲಾ ಕಣ್ಣೊರೆಸಿಕೊಂಡಳು. ತೋಮಾಸಿಗೆ ಕನ್ನಡ ಬಾರದು; ದನಿ ಅರ್ಥವಾಯಿತು. ಸರಳ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: "ಗುರು, ನಾನೂ ನನ್ನ ಹೆಂಡತಿಯನ್ನು ಕರೆಸಲು ಅರ್ಜಿ ಹಾಕಿದ್ದೆ. ಎರಡು ಸಲವೂ ಆಗುವುದಿಲ್ಲ ಅಂದರು. ನಿಮ್ಮ ಸಂಸಾರಕ್ಕೆ ಸಾಕ್ಷಿ ಹೇಳಿದವನು ನಾನು. ಅವಳ ಗಂಡನನ್ನು ನೋಡಿದ್ದೀಯಾ ಅಂತ ಕೇಳಿದರು. ದಿನಾ ನೋಡುತ್ತೇನೆ, ಊಟದ ಮೇಜಿನ ಮೇಲೆ ಫೋನಿನಲ್ಲಿ ಇರುತ್ತಾನೆ, ಅವನಿಗೆ ತೋರಿಸದೆ ಇವಳು ತುತ್ತು ಎತ್ತುವುದಿಲ್ಲ ಅಂದೆ. ಹೇಳುವಾಗ ನಿನ್ನ ಮೇಲೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತಿದೆ."

ಗುರುಶಾಂತ ಹಿಂದೆ ತಿರುಗಿ, ಗದ್ದಕ್ಕೆ ತಾಗಿದ ಆ ಮೊಣಕಾಲುಗಳನ್ನು ನೋಡಿದ.

"ಗಾಡಿ ನಿಲ್ಲಸು" ಎಂದ ಗುರುಶಾಂತ. ಇಳಿದು ಹಿಂದಿನ ಬಾಗಿಲು ತೆಗೆದು, ತೋಮಾಸಿಯನ್ನು ತೋಳು ಹಿಡಿದು ಇಳಿಸಿ, ಎಡಗಡೆಯ ಸೀಟನ್ನು ತಾನೇ ಹಿಂದಕ್ಕೆ ತಳ್ಳಿದ. "ಮುಂದ ಕುಂದರಪಾ."

ಮುಂದೆ ಗುರುಶಾಂತ ಇಲ್ಲಿಯ ಪರೀಕ್ಷೆ ಪಾಸು ಮಾಡಿ ನಗರದ ಬಸ್ ಓಡಿಸತೊಡಗಿದ. ಮನೆಯಲ್ಲಿ ಬರೀ ಆ ಬಸ್ಸಿನ ಗುಣಗಾನ! ನನಗೆ ಸಹಿಸಲಾಗುತ್ತಿರಲಿಲ್ಲ. ತೋಮಾಸಿ ಮೂರನೆಯ ಸಲ ಅರ್ಜಿ ಹಾಕಿದಾಗ ಗುರುಶಾಂತ ಒಂದು ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನಲ್ಲೇ ಕೂತು ಸಾಕ್ಷಿ ಹೇಳಲು ಹೋದ. ಈ ಸಲ ಹೌದು ಅಂದರು.

ತೋಮಾಸಿಯ ಹೆಂಡತಿ ಬಂದಳು. ಅವಳಿಗೂ ಅದೇ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ತೋಮಾಸಿ ನನ್ನನ್ನು ಹತ್ತಲೇ ಇಲ್ಲ. ಇಬ್ಬರೂ ರಸ್ತೆಯ ಅಂಚಿನಲ್ಲಿ ಮಾತಾಡುತ್ತ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು. ಶಿವಲೀಲಾ ಪಕ್ಕದಲ್ಲಿ ಹಾಯುವಾಗ ಹಾರ್ನ್ ಒತ್ತಿದರೆ, ತಿರುಗಿಯೂ ನೋಡುತ್ತಿರಲಿಲ್ಲ.

ಈಗ ನಾನು ಗುಜರಿ ಅಂಗಳದಲ್ಲಿದ್ದೇನೆ. ಚಕ್ರಗಳು ಹೋದವು, ಕಳೆದ ವಾರ ಎಂಜಿನ್ನನ್ನೂ ಬಿಚ್ಚಿಕೊಂಡು ಹೋದರು. ಕಿಚ್ಚೂ ಅದರ ಜೊತೆಗೇ ಹೋಗಬಹುದು ಅಂದುಕೊಂಡಿದ್ದೆ. ಆದರೆ ಬೇಲಿಯಾಚೆ ಯಾರಾದರೂ ಇಬ್ಬರು ನಕ್ಕುಕೊಂಡು ನಡೆದು ಹೋಗಲಿ, ಈ ಖಾಲಿ ಹೊಟ್ಟೆಯಲ್ಲಿ ಏನೋ ಚುರ್ ಅನ್ನುತ್ತದೆ.