ತಂತಿ ಬಿಗಿದ ತಾಯ್ತ

ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ ಎಂದು ಹೊನ್ನೂರಿನ ಶಾಂತರಾಜು ಕಾರು ತಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಬಾಡಿಗೆ ಓಡಿಸುವವನು ಇಂಥ ಬ್ರೇಕ್ ಇಟ್ಟುಕೊಂಡು ಸುತ್ತುವುದೇ? ಅದೂ ಹೋದ ವರ್ಷ ಅದೇ ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಇವನ ಅಣ್ಣ ಚಿನ್ನಸ್ವಾಮಿ ಕಾರಿನ ಸಮೇತ ಉರುಳಿ ಸತ್ತ ಮೇಲೆ! ಬಾಯಿಗೆ ಬಂದಂತೆ ಬೈದೆ. ಜೊತೆಗೆ ಬಂದಿದ್ದ ಅವನ ತಾಯಿ ಶಿವರತ್ನಮ್ಮ ಕೊಳ್ಳೇಗಾಲದ ನನ್ನ ರಿಪೇರಿ ಶೆಡ್ಡಿನ ಬೆಂಚಿನ ಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ಬಾಡಿಗೆ ಇಲ್ಲದ ದಿನ ಅವರು ಈ ಮಗನನ್ನು ಬಿಟ್ಟಿರುತ್ತಿರಲಿಲ್ಲ.

ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದೆ. ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸಿಗೆ ಯಾರೋ ತಂತಿ ಸುತ್ತಿ, ತಾಮ್ರದ ತಾಯ್ತವೊಂದನ್ನು ಬಿಗಿದಿದ್ದರು. ಸ್ಟೇರಿಂಗ್ ತಿರುಗಿದಾಗಲೆಲ್ಲ ತಂತಿ ರಬ್ಬರನ್ನು ಕೊಯ್ದು ಒಳಗಿನ ನೂಲು ಕಾಣುತ್ತಿತ್ತು. ಶಾಂತರಾಜುವಿನ ಕೈಲಿ ಪೆಡಲ್ ಒತ್ತಿಸಿದೆ. ಕೊಯ್ದ ಜಾಗ ಉಬ್ಬಿಕೊಂಡು ಆಯಿಲ್ ಜಿನುಗಿತು. ಇನ್ನೊಂದು ಸಲ ಬೆಟ್ಟ ಇಳಿದಿದ್ದರೆ ಇವನ ಕಥೆಯೂ ಮುಗಿಯುತ್ತಿತ್ತು.

"ಯಾವನ್ಲಾ ಇದ್ನ ಕಟ್ಟಿದ್ದು?" ಎಂದೆ.

ಶಾಂತರಾಜು ಇಳಿದು ಬಂದು ಬಗ್ಗಿ ನೋಡಿದ. ಮುಖ ಕಪ್ಪಿಟ್ಟಿತು. "ನಮ್ಮವ್ವ ಕಣ್ ಗುರಣ್ಣ. ಚಕ್ರದೊಳ್ಗೆ ಕಟ್ಟುದ್ರೆ ಯಾರ್ ಕಣ್ಗೂ ಬೀಳಕಿಲ್ಲ ಅಂತ ಮಂತ್ರಿಸ್ಕಬಂದು ಕಟ್ಟವ್ಳೆ," ಎಂದು ಪಿಸುಗುಟ್ಟಿದ. "ನಿಮ್ ದಮ್ಮಯ್ಯ, ಅವಳ್ಗೆ ಏಳ್ಬ್ಯಾಡಿ. ನಮ್ಮಣ್ಣ ಓದಾಗ್ನಿಂದ ಸರ್ಯಾಗಿ ಉಣ್ತಿಲ್ಲ. ಇದು ಗೊತ್ತಾದ್ರೆ ಜೀವ ಮಡಿಕಳಾಕಿಲ್ಲ."

ಸುಳ್ಳು ಹೇಳುವುದು ನನಗೆ ಒಗ್ಗದ ಕೆಲಸ. ಆದರೂ ಬೆಂಚಿಗೆ ಕೇಳಿಸುವಂತೆ, "ಇಲಿ ಕಡ್ದದೆ ಕಣವ್ವೋ! ಒಸಾದು ಆಕ್ಬುಡ್ತೀನಿ," ಎಂದು ಕೂಗಿದೆ.

ಒಂದು ಹೋದರೆ ಇನ್ನೊಂದನ್ನೂ ನಂಬುವ ಹಾಗಿಲ್ಲ. ಎರಡೂ ಕಡೆ ಹೊಸ ಹೋಸ್ ಹಾಕಿ, ಹೊಸ ವಾಷರ್ ಕೂರಿಸಿ ಬಿಗಿದೆ. ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕಿತ್ತು. ಶಾಂತರಾಜುವನ್ನು ಕಾರಿನೊಳಗೆ ಕೂರಿಸಿ, ಪೆಡಲ್ ತುಳಿದು ಹಿಡಿದುಕೊಳ್ಳಲು ಹೇಳಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಲು ನಾನು ಚಕ್ರದ ಬಳಿ ಸ್ಪ್ಯಾನರ್ ಹಿಡಿದು ಕೂತೆ.

ಶಿವರತ್ನಮ್ಮ ಎದ್ದು ಬಂದದ್ದು ಗೊತ್ತಾಗಲಿಲ್ಲ. ನಾನು ಮೂಲೆಗೆ ಎಸೆದಿದ್ದ ಹಳೆಯ ಹೋಸ್ ಅವರ ಕೈಯಲ್ಲಿತ್ತು, ತಂತಿ ಇನ್ನೂ ಅದರಲ್ಲೇ ಹೂತಿತ್ತು. ಸೀಳಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಅದನ್ನು ಕಣ್ಣಿಗೆ ಬೀಳದಂತೆ ಎತ್ತಿಡದ ನನ್ನ ಬುದ್ಧಿಗೆ ನಾನೇ ಶಾಪ ಹಾಕಿಕೊಂಡೆ.

"ಇದು ಇಲಿ ಅಲ್ಲ ಕಣಪ್ಪ," ಎಂದರು. ಅಳಲಿಲ್ಲ. ಒಳಗಿದ್ದ ಮಗನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ದೊಡ್ಡೋನ್ ಕಾರ್ಗೂ ನಾನೇ ಇಂಗೇ ಬಿಗ್ದಿದ್ದೆ. ಅವ್ನೂ ನನ್ ಕೈಯಿಂದ್ಲೇ ಓದ್ನಾ?" ಎಂದು ಕೇಳಿದರು.

"ತುಳ್ದು ಇಡ್ಕಂಡಿವ್ನಿ ಕಣ್ ಗುರಣ್ಣ, ಬುಡ್ಲಾ?" ಎಂದು ಶಾಂತರಾಜು ಒಳಗಿನಿಂದ ಕೂಗಿದ.

ಆ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲ ಎಂಬ ಒಂದೇ ಮಾತು ಸಾಕಿತ್ತು. ಅದನ್ನು ಹೇಳದೆ, "ಬುಡ್ಬ್ಯಾಡ ಕಣ್ಲಾ, ಇಡ್ಕಂಡೇ ಇರು," ಎಂದು ಒಳಕ್ಕೆ ಕೂಗಿ ಸ್ಪ್ಯಾನರ್ ತಿರುಗಿಸಿದೆ.