ಭಾವ ಆರಿಸಿದ ಫೈಲ್ ಸಿಸ್ಟಂ

ನಮ್ಮ ಭಾವನಿಗೆ ಒಂದು ದಿನದ ವಿಚಾರ ಸಂಕಿರಣ ಸಾಕು, ವರ್ಷವಿಡೀ ನಮ್ಮ ತಲೆ ತಿನ್ನುವುದಕ್ಕೆ. ಅಲ್ಲಿ ಯಾರೋ ಕೋಟು ಹಾಕಿದವನು ದೊಡ್ಡ ಸರ್ವರುಗಳಲ್ಲೆಲ್ಲ ಫೈಲುಗಳನ್ನು ಜೋಡಿಸಿಡುವುದಕ್ಕೆ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಇರುತ್ತದೆ ಅಂದನಂತೆ. ಮುಗಿಯಿತು. ಅಕ್ಕನ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೂ ಅದೇ ಆಗಬೇಕು.

ಕೇಂದ್ರ ಅಂದರೆ ಒಂದು ಉದ್ದನೆಯ ಕೋಣೆ, ಗೋಡೆಗೆ ಒತ್ತಿದ ಮೇಜುಗಳು, ಅಂಗೈಯಗಲದ ಅಗ್ಗದ ಕಂಪ್ಯೂಟರುಗಳು. ಒಂದೊಂದಕ್ಕೂ ಉಗುರಿನಷ್ಟು ಮೆಮೊರಿ ಕಾರ್ಡು. ಒಂದು ಕಾರ್ಡಿನಲ್ಲಿ ಆಪರೇಟಿಂಗ್ ಸಿಸ್ಟಂ ಪೂರ್ತಿ ಸಿದ್ಧಮಾಡಿ, ಅದರ ಇಮೇಜ್, ಅಂದರೆ ಇಡೀ ಕಾರ್ಡಿನ ಪಡಿಯಚ್ಚು, ತೆಗೆದು, ಉಳಿದ ಕಾರ್ಡುಗಳಿಗೆ ಇಳಿಸುವುದು ನನ್ನ ಕೆಲಸ. ಶುಕ್ರವಾರ ಮಧ್ಯಾಹ್ನ ತಪಾಸಣೆಗೆ ಅಧಿಕಾರಿ ಬರುವುದಿತ್ತು. ಕಂಪ್ಯೂಟರುಗಳು ಓಡದಿದ್ದರೆ ಪರವಾನಗಿ ಇಲ್ಲ. ಇದ್ದ ನೌಕರಿ ಬಿಟ್ಟು ಈ ಕೋಣೆ ಹಿಡಿದವಳು ಅಕ್ಕ.

"ಭಾವ, ನಿಮ್ಮ ಎಕ್ಸ್‌ಎಫ್‌ಎಸ್ ಹಿಗ್ಗುತ್ತೆ, ಕುಗ್ಗಲ್ಲ. ಇಎಕ್ಸ್‌ಟಿ ಫೋರ್ ಅಂತ ಇನ್ನೊಂದು ಫೈಲ್ ಸಿಸ್ಟಂ ಇದೆ, ಅದಾದ್ರೆ ಬೇಕಾದಾಗ ಕುಗ್ಗಿಸ್ಬಹುದು," ಅಂದೆ.

"ಕುಗ್ಗಿಸೋ ಬುದ್ಧಿ ಯಾಕೋ ನಿಂಗೆ? ದೊಡ್ಡದಾಗಿ ಯೋಚ್ನೆ ಮಾಡು."

"ನಾನು ಯೋಚ್ನೆ ಮಾಡಿದ್ರೆ ಕಾರ್ಡು ದೊಡ್ಡದಾಗುತ್ತಾ?"

ಅಕ್ಕ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದಳು. "ಅವರು ಹೇಳಿದ್ದನ್ನೇ ಹಾಕಪ್ಪ, ಇಲ್ದಿದ್ರೆ ಮನೇಲಿ ನನ್ನ ಪ್ರಾಣ ತಿಂತಾರೆ," ಅಂದಳು.

ಹಾಕಿದೆ.

ಶುಕ್ರವಾರ ಬೆಳಿಗ್ಗೆ ಭಾವ ಉಳಿದ ಕಾರ್ಡುಗಳನ್ನು ತಂದ. ಬೇರೆ ಕಂಪನಿಯವು. ಮೇಲೆ ಬರೆದ ಅಳತೆ ಅದೇ, ಒಳಗಿನ ಜಾಗ ಮಾತ್ರ ಒಂದು ಚೂರು ಕಡಿಮೆ. ಇಮೇಜ್ ಇಳಿಸಲು ಹೋದರೆ ಜಾಗ ಸಾಲದು ಅಂತ ಬಂತು. ಇನ್ನೊಂದು ಕಾರ್ಡು ಹಾಕಿದೆ. ಅದೇ ಹಾಡು.

"ಒಂದು ಚೂರು ತಾನೇ? ಕುಗ್ಸು," ಅಂದ ಭಾವ.

ನನ್ನ ಮೈಯೆಲ್ಲ ಉರಿಯಿತು. "ಯಾವ ಬಾಯಲ್ಲಿ ಹೇಳ್ತೀರಿ ಅದನ್ನ?"

ಅಕ್ಕ ನಮ್ಮಿಬ್ಬರ ನಡುವೆ ಬಂದು ನಿಂತಳು. "ಮಧ್ಯಾಹ್ನದೊಳಗೆ ಆಗುತ್ತೋ ಇಲ್ವೋ? ಅಷ್ಟು ಹೇಳು."

"ಇವರು ಹೊರಗೆ ಹೋದ್ರೆ ಆಗುತ್ತೆ."

"ರೀ, ಹೋಗಿ ಕುರ್ಚಿ ಒರೆಸಿ."

ಕಾರ್ಡಿಗಿಂತ ಚಿಕ್ಕದಾಗಿ ಇಎಕ್ಸ್‌ಟಿ ಫೋರ್‌ನಲ್ಲಿ ಹೊಸ ಇಮೇಜ್ ಮಾಡಿ, ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸಿ, ಕಂಪ್ಯೂಟರು ಶುರುವಾಗುವ ಸೆಟ್ಟಿಂಗುಗಳನ್ನು ತಿದ್ದಿ, ಕಾರ್ಡುಗಳಿಗೆ ಇಳಿಸಿದೆ. ಒಂದೊಂದೇ ಪರದೆ ಬೆಳಗಿತು. ಭಾವ ತಂದ ಕಾರ್ಡುಗಳಲ್ಲಿ ಒಂದು ಸತ್ತೇ ಹೋಗಿತ್ತು. ಬೇರೆ ದಾರಿ ಕಾಣದೆ ಮೂಲೆಯ ಕಂಪ್ಯೂಟರಿಗೆ ಮೊದಲು ಸಿದ್ಧಮಾಡಿದ್ದ ಎಕ್ಸ್‌ಎಫ್‌ಎಸ್ ಕಾರ್ಡನ್ನೇ ತುರುಕಿದೆ.

ಅಧಿಕಾರಿ ಬಂದವರು ಬೆವರು ಒರೆಸಿಕೊಂಡು ನೇರ ಫ್ಯಾನಿನ ಕೆಳಗೆ ಕೂತರು. ಅದೇ ಮೂಲೆ, ಅದೇ ಕಂಪ್ಯೂಟರು. ಎರಡು ಕೀ ಒತ್ತಿ, "ಚೆನ್ನಾಗಿ ಓಡ್ತಿದೆ," ಎಂದು ಪರವಾನಗಿಗೆ ಸಹಿ ಹಾಕಿದರು. ಉಳಿದವುಗಳ ಕಡೆ ಕತ್ತೂ ತಿರುಗಿಸಲಿಲ್ಲ.

"ಎಕ್ಸ್‌ಎಫ್‌ಎಸ್ ಸಾರ್!" ಅಂದ ಭಾವ, ತಾನೇ ಹೆತ್ತ ಹಾಗೆ.

"ಹಾಂ? ಕುಡಿಯೋಕೆ ನೀರಿದ್ಯಾ?"

ಭಾವ ನೀರು ತಂದುಕೊಟ್ಟು, ಅಧಿಕಾರಿ ಹೋದ ಮೇಲೆ ನನ್ನ ಬೆನ್ನು ತಟ್ಟಿದ. "ನೋಡ್ದಾ?"

ನಾನು ಚೀಲ ಹೆಗಲಿಗೇರಿಸಿದೆ. ಅಕ್ಕ ಪರವಾನಗಿ ಹಿಡಿದುಕೊಂಡು ಬಾಗಿಲವರೆಗೂ ಹಿಂದೆ ಬಂದಳು.

"ಮುಂದೆ ಇನ್ನೊಂದು ಕೋಣೆ ತೆಗೆದಾಗ್ಲೂ ನೀನೇ ಬಾರೋ."

"ಯಾವ ಫೈಲ್ ಸಿಸ್ಟಂ ಅಂತ ನಿನ್ನ ಗಂಡನ್ನ ಕೇಳು."

"ಅವರಿಗೆ ಆಗ್ಲೇ ಆರಿಸೋಕೆ ಕೊಟ್ಟಿದೀನಿ," ಅಂದಳು, ದನಿ ತಗ್ಗಿಸಿ. "ಕಿಟಕಿ ಪರದೆ ಬಟ್ಟೆ ಹಸಿರೋ ನೀಲಿಯೋ ಅಂತ."